ಹಳೆಯ ಹಾದಿಯ ಹೊಸ ನಾದ

ಹಳೆಯದನ್ನು ಮುರಿದವನೇ ಹೊಸದನ್ನು ಕಟ್ಟಬಲ್ಲನೆಂದು ಲೋಕವು ಸಾಮಾನ್ಯವಾಗಿ ನಂಬುತ್ತದೆ. ಹಿರಿಯರು ಹಾಕಿಕೊಟ್ಟ ಕಟ್ಟಿನೊಳಗೆ ಕೆಲಸ ಮಾಡುವವನು ಅನುಕರಣಶೀಲನೆಂದೂ, ಆ ಕಟ್ಟನ್ನು ಕಿತ್ತೊಗೆಯುವವನು ಪ್ರತಿಭಾವಂತನೆಂದೂ ನಾವು ತೀರ್ಮಾನಿಸಿಬಿಡುತ್ತೇವೆ. ಈ ಎಣಿಕೆ ಯಾವಾಗಲೂ ನಿಜವಲ್ಲವೆಂಬುದನ್ನು ತಮ್ಮ ಕೃತಿಗಳಿಂದಲೇ ತೋರಿಸಿಕೊಟ್ಟವರಲ್ಲಿ ರಷ್ಯದ ಸಂಗೀತ ರಚನಕಾರ ಸೆರ್ಗೈ ಪ್ರೊಕೊಫೀವನೂ ಒಬ್ಬ. ತಾರುಣ್ಯದಲ್ಲಿ ಸಂಪ್ರದಾಯದ ಶತ್ರುವೆಂದು ಹೆಸರು ಪಡೆದಿದ್ದ ಈತನೇ 1917ರಲ್ಲಿ, ಒಂದು ಶತಮಾನಕ್ಕೂ ಹಿಂದಿನ ಶೈಲಿಯನ್ನು ಕೈಗೆತ್ತಿಕೊಂಡು ವಾದ್ಯವೃಂದಕ್ಕಾಗಿ ಒಂದು ಹೊಸ ಸಿಂಫನಿಯನ್ನು ರಚಿಸಿದನು. ಆ ಚಿಕ್ಕ ಕೃತಿಯೇ ಮುಂದೆ ಅವನ ಕೀರ್ತಿಯ ಕಂಬಗಳಲ್ಲಿ ಒಂದಾಯಿತು.

ಸೆರ್ಗೈ ಪ್ರೊಕೊಫೀವನು 1891ರ ಏಪ್ರಿಲ್ ತಿಂಗಳಲ್ಲಿ ಸೊಂತ್ಸೊವ್ಕ ಎಂಬ ಹಳ್ಳಿಯಲ್ಲಿ ಜನಿಸಿದನು. ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಆ ಹಳ್ಳಿ ಉಕ್ರೇನ್ ದೇಶದ ಡೊನೆಟ್ಸ್ಕ್ ಪ್ರಾಂತದಲ್ಲಿದೆ. ತಂದೆ ವ್ಯವಸಾಯಶಾಸ್ತ್ರವನ್ನು ಅಭ್ಯಾಸಮಾಡಿದವನು. ಒಬ್ಬ ಜಮೀನುದಾರನ ವಿಸ್ತಾರವಾದ ಭೂಮಿಯನ್ನು ನೋಡಿಕೊಳ್ಳುತ್ತಿದ್ದನು. ಇಬ್ಬರು ಹೆಣ್ಣುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡಿದ್ದುದರಿಂದ ಉಳಿದ ಈ ಒಬ್ಬನೇ ಮಗನ ಮೇಲೆ ತಾಯಿತಂದೆಗಳಿಗೆ ಅಪಾರವಾದ ಮಮತೆ. ತಾಯಿ ಮರಿಯಾ ಪಿಯಾನೋ ನುಡಿಸುವುದರಲ್ಲಿ ನಿಪುಣೆ. ಸಂಜೆಯ ಹೊತ್ತು ಆಕೆ ಬೀಥೋವನ್ ಮತ್ತು ಶೋಪಾನರ ಕೃತಿಗಳನ್ನು ಅಭ್ಯಾಸಮಾಡುತ್ತಿದ್ದಾಗ ಆ ನಾದ ಮಗುವಿನ ಕಿವಿಯಲ್ಲಿ ನೆಲೆಯೂರುತ್ತಿತ್ತು.

ಐದು ವರ್ಷ ವಯಸ್ಸಿನಲ್ಲಿ ಬಾಲಕನು ತನ್ನದೇ ಆದ ಒಂದು ಚಿಕ್ಕ ರಚನೆಯನ್ನು ಮಾಡಿದನು. ತಾಯಿ ಅದನ್ನು ಸ್ವರಲಿಪಿಯಲ್ಲಿ ಬರೆದಿಟ್ಟಳು. ಅವನು ಅದಕ್ಕೆ ಇಟ್ಟ ಹೆಸರು ಭಾರತೀಯರಾದ ನಮಗೆ ಕುತೂಹಲವನ್ನು ಉಂಟುಮಾಡುವಂಥದು. ಆ ದಿನಗಳಲ್ಲಿ ಭಾರತದಲ್ಲಿ ತಲೆದೋರಿದ್ದ ಬರಗಾಲದ ಸುದ್ದಿ ರಷ್ಯದ ವೃತ್ತಪತ್ರಿಕೆಗಳಲ್ಲಿ ಬರುತ್ತಿತ್ತು. ಮನೆಯ ಹಿರಿಯರು ಅದನ್ನು ಓದಿ ಮಾತನಾಡಿಕೊಳ್ಳುತ್ತಿದ್ದುದನ್ನು ಕೇಳಿದ ಬಾಲಕನು ತನ್ನ ರಚನೆಗೆ ‘ಇಂಡಿಯನ್ ಗಾಲಪ್’ ಎಂದು ಹೆಸರಿಟ್ಟನು. ಗಾಲಪ್ ಎಂಬುದು ವೇಗದ ಒಂದು ಕುಣಿತ. ಬರಗಾಲಕ್ಕೂ ಕುಣಿತಕ್ಕೂ ಏನು ನಂಟೆಂಬುದು ಐದು ವರ್ಷದ ಮಗುವಿಗೆ ಹೊಳೆಯುವ ವಿಷಯವಲ್ಲ. ಪಿಯಾನೋದ ಕರಿಯ ಮನೆಗಳನ್ನು ಮುಟ್ಟಲು ಅವನಿಗೆ ಅಳುಕಿದ್ದುದರಿಂದ ಆ ರಚನೆಯೆಲ್ಲವೂ ಬಿಳಿಯ ಮನೆಗಳ ಮೇಲೆಯೇ ಸಾಗುತ್ತಿತ್ತು. ಒಂಬತ್ತನೆಯ ವಯಸ್ಸಿಗೆ, ಮಾಸ್ಕೋ ನಗರದಲ್ಲಿ ಸಂಗೀತನಾಟಕಗಳನ್ನು ಕಂಡು ಬಂದವನೇ, ತಾನೂ ‘ದೈತ್ಯ’ ಎಂಬ ಒಂದು ಸಂಗೀತನಾಟಕವನ್ನು ಬರೆದನು. ಚದುರಂಗದಾಟದ ಹುಚ್ಚೂ ಬಾಲ್ಯದಲ್ಲಿಯೇ ಹತ್ತಿತು. ಮುಂದೆ 1914ರಲ್ಲಿ, ಏಕಕಾಲಕ್ಕೆ ಅನೇಕರೊಡನೆ ಆಡುತ್ತಿದ್ದ ಪ್ರಖ್ಯಾತ ಆಟಗಾರ ಕಾಪಾಬ್ಲಾಂಕನನ್ನು ಅವನು ಒಂದು ಆಟದಲ್ಲಿ ಸೋಲಿಸಿದನು. ನಿಯಮಗಳ ಚೌಕಟ್ಟಿನೊಳಗೇ ಎದುರಾಳಿ ನಿರೀಕ್ಷಿಸದ ನಡೆಯನ್ನು ಇಡುವ ಈ ಆಟದ ಗುಣ ಅವನ ಸಂಗೀತದಲ್ಲಿಯೂ ಕಾಣಿಸಿಕೊಂಡಿತೆಂದರೆ ತಪ್ಪಾಗಲಾರದು.

1902ರಲ್ಲಿ ತಾಯಿ ಮಗನನ್ನು ಮಾಸ್ಕೋವಿನ ಹಿರಿಯ ಸಂಗೀತಶಾಸ್ತ್ರಜ್ಞ ತನೇಯೆವನ ಬಳಿಗೆ ಕರೆದೊಯ್ದಳು. ಅವನ ಸಲಹೆಯಂತೆ ಗ್ಲಿಯೇರ್ ಎಂಬ ತರುಣ ಸಂಗೀತಗಾರನು ಎರಡು ಬೇಸಗೆಗಳ ಕಾಲ ಹಳ್ಳಿಗೇ ಬಂದಿದ್ದು ಬಾಲಕನಿಗೆ ಪಾಠ ಹೇಳಿದನು. ಆಗ ಬಾಲಕನು ರಚಿಸಿದ ಒಂದು ಸಿಂಫನಿಯನ್ನು ನೋಡಿ ತನೇಯೆವನು ಮೆಚ್ಚಿದನಾದರೂ, ಅದರ ಸ್ವರಮೇಳಗಳು ತೀರ ಸರಳವಾಗಿವೆಯೆಂದು ನಕ್ಕನು. ಹಲವು ಸ್ವರಗಳು ಏಕಕಾಲದಲ್ಲಿ ಒಟ್ಟಾಗಿ ಧ್ವನಿಸುವುದನ್ನು ಸ್ವರಮೇಳವೆನ್ನುತ್ತಾರೆ. ಪಾಶ್ಚಾತ್ಯ ಸಂಗೀತದ ಬಲವಿರುವುದು ಬಹುಮಟ್ಟಿಗೆ ಇದರಲ್ಲಿಯೇ. ಆ ನಗು ಬಾಲಕನ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತು. ಅಂದಿನಿಂದ ಅವನು ಯಾರೂ ಕೇಳದಂಥ ಸ್ವರಮೇಳಗಳ ಬೇಟೆಗೆ ತೊಡಗಿದನು. ಎಂಟು ವರ್ಷಗಳ ಬಳಿಕ ಅವನ ಹೊಸ ರಚನೆಗಳನ್ನು ಕೇಳಿದ ತನೇಯೆವನು ಇದರಲ್ಲಿ ಅಪಸ್ವರಗಳೇ ಹೆಚ್ಚಾದವೆಂದು ಗೊಣಗಿದಾಗ, ಈ ದಾರಿಗೆ ತನ್ನನ್ನು ಹಚ್ಚಿದವರೇ ಅವರೆಂದು ಶಿಷ್ಯನು ನೆನಪುಮಾಡಿಕೊಟ್ಟನು.

1904ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಪ್ರೊಕೊಫೀವನು ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ಮಹಾಶಾಲೆಯನ್ನು ಸೇರಿದನು. ಪ್ರವೇಶ ಪರೀಕ್ಷೆಗೆ ಅವನು ಹೊತ್ತು ತಂದ ಸ್ವಂತ ರಚನೆಗಳಲ್ಲಿ ನಾಲ್ಕು ಸಂಗೀತನಾಟಕಗಳೂ ಒಂದು ಸಿಂಫನಿಯೂ ಇದ್ದುವು. ರಿಮ್ಸ್ಕಿ-ಕೊರ್ಸಕೋವ್, ಲ್ಯಾದೋವ್ ಮೊದಲಾದ ದಿಗ್ಗಜರು ಅಲ್ಲಿ ಅಧ್ಯಾಪಕರಾಗಿದ್ದರು. ಸಹಪಾಠಿಗಳೆಲ್ಲ ಅವನಿಗಿಂತ ವಯಸ್ಸಿನಲ್ಲಿ ಹಿರಿಯರು. ಅವರು ಪಾಠದಲ್ಲಿ ಮಾಡುವ ತಪ್ಪುಗಳನ್ನು ಲೆಕ್ಕಹಾಕಿ ಬರೆದಿಡುವುದು ಈ ತುಂಟನ ಅಭ್ಯಾಸವಾದ್ದರಿಂದ ಅವನಿಗೆ ಗೆಳೆಯರು ವಿರಳವಾಗಿದ್ದರು. ಆದರೆ ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾಸ್ಕೋವ್ಸ್ಕಿಯೊಡನೆ ಅಲ್ಲಿ ಬೆಳೆದ ಸ್ನೇಹ ಜೀವನದ ಕೊನೆಯವರೆಗೂ ಬಾಡಲಿಲ್ಲ.

ಆ ಮಹಾಶಾಲೆಯಲ್ಲಿ ವಾದ್ಯವೃಂದದ ನಿರ್ದೇಶನವನ್ನು ಕಲಿಸುತ್ತಿದ್ದವನು ಚೆರೆಪ್ನಿನ್. ಹೊಸ ಸಂಗೀತದಲ್ಲಿ ಆಸಕ್ತನಾಗಿದ್ದರೂ ಈತನಿಗೆ ಹದಿನೆಂಟನೆಯ ಶತಮಾನದ ಹೇಡನ್ ಮತ್ತು ಮೊಜಾರ್ಟರೆಂದರೆ ಬಹಳ ಪ್ರೀತಿ. ವಿದ್ಯಾರ್ಥಿಗಳ ವಾದ್ಯವೃಂದದ ಅಭ್ಯಾಸದ ವೇಳೆಯಲ್ಲಿ ಅವನು ಪ್ರೊಕೊಫೀವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಗ್ಗಿನ ಸ್ಥಾಯಿಯ ಬಸೂನ್ ವಾದ್ಯ ಬಿಡಿಬಿಡಿಯಾಗಿ ನುಡಿಯುವ ಸ್ವರಗಳ ಸೊಗಸನ್ನೂ, ಅದಕ್ಕಿಂತ ಎರಡು ಸ್ಥಾಯಿ ಮೇಲೆ ಕೊಳಲು ಸೇರಿದಾಗ ಉಂಟಾಗುವ ಬೆಡಗನ್ನೂ ತೋರಿಸಿಕೊಡುತ್ತಿದ್ದನು. ಕೇಳಿದವರನ್ನು ಬೆಚ್ಚಿಬೀಳಿಸುವ ಹೊಸ ನಾದಗಳ ಹಿಂದೆ ಬಿದ್ದಿದ್ದ ತರುಣನ ಮನಸ್ಸಿನಲ್ಲಿ ಹಳೆಯ ಸಂಗೀತದ ಬೀಜ ಬಿದ್ದುದು ಹೀಗೆ. ಅದು ಮೊಳೆಯುವುದಕ್ಕೆ ಇನ್ನೂ ಹಲವು ವರ್ಷಗಳು ಬೇಕಾದುವು.

ಅಷ್ಟರಲ್ಲಿ ಪ್ರೊಕೊಫೀವನು ದಂಗೆಕೋರನೆಂದು ಪ್ರಸಿದ್ಧನಾದನು. 1913ರಲ್ಲಿ ಪಾವ್ಲೊವ್ಸ್ಕಿನಲ್ಲಿ ಅವನು ತನ್ನ ಎರಡನೆಯ ಪಿಯಾನೋ ಕಾನ್ಸರ್ಟೋವನ್ನು ನುಡಿಸಿದಾಗ ಶ್ರೋತೃಗಳಲ್ಲಿ ಅನೇಕರು ಎದ್ದು ನಡೆದರು. ಉಳಿದವರಲ್ಲಿ ಹಲವರು ಸಿಳ್ಳುಹಾಕಿದರು. ತರುಣನು ಧೃತಿಗೆಡದೆ ಬಾಗಿ ವಂದಿಸಿ ಇನ್ನೊಂದು ರಚನೆಯನ್ನು ನುಡಿಸಿದನು. 1914ರಲ್ಲಿ ಮಹಾಶಾಲೆಯ ಅಂತಿಮ ಸ್ಪರ್ಧೆಯಲ್ಲಿ, ಪೂರ್ವಿಕರ ಪ್ರಸಿದ್ಧ ಕೃತಿಯೊಂದನ್ನು ನುಡಿಸುವ ಬದಲು ತನ್ನದೇ ಕಾನ್ಸರ್ಟೋವನ್ನು ನುಡಿಸಿ ರೂಬಿನ್‌ಸ್ಟೈನ್ ಬಹುಮಾನವಾದ ಪಿಯಾನೋವನ್ನು ಗೆದ್ದುಕೊಂಡನು. 1916ರ ಜನವರಿಯಲ್ಲಿ ಅವನ ‘ಸಿಥಿಯನ್ ಸ್ವೀಟ್’ ಎಂಬ ಕೃತಿ ಮೊದಲ ಬಾರಿಗೆ ಕೇಳಿಬಂದಿತು. ಪ್ರಾಚೀನ ಅಲೆಮಾರಿ ಜನರ ಉಗ್ರ ದೇವತೆಗಳನ್ನು ಕುರಿತ ಈ ರಚನೆಗೆ ಭಾರಿ ವಾದ್ಯವೃಂದ ಬೇಕಾಗಿತ್ತು. ಹೊಡೆತದ ರಭಸಕ್ಕೆ ನಗಾರಿಯೊಂದರ ಚರ್ಮವೇ ಹರಿಯಿತೆಂದು ಹೇಳುತ್ತಾರೆ. ಮಹಾಶಾಲೆಯ ಮುಖ್ಯಸ್ಥನಾದ ಗ್ಲಾಜುನೋವನು ಕೃತಿ ಮುಗಿಯುವ ಮುನ್ನವೇ ಸಭಾಂಗಣದಿಂದ ಹೊರನಡೆದನು.

ಇಂತಹ ಕೀರ್ತಿ ಬಂದವನಿಗೆ ಮುಂದಿನ ದಾರಿ ಸುಲಭವಾಗಿತ್ತು. ಇನ್ನಷ್ಟು ದೊಡ್ಡ ವಾದ್ಯವೃಂದ, ಇನ್ನಷ್ಟು ಗಡುಸಾದ ಸ್ವರಮೇಳ, ಇನ್ನಷ್ಟು ಗಲಾಟೆ: ಜನ ಅವನಿಂದ ನಿರೀಕ್ಷಿಸಿದುದು ಇದನ್ನೇ. ಅವನು ಮಾಡಿದುದಾದರೂ ಇದಕ್ಕೆ ತದ್ವಿರುದ್ಧವಾದ ಕೆಲಸ. ಅದನ್ನು ಅರಿಯಬೇಕಾದರೆ ಹೇಡನ್ನನ ಕಾಲದ ಸಿಂಫನಿಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಸಿಂಫನಿಯೆಂದರೆ ವಾದ್ಯವೃಂದಕ್ಕಾಗಿ ರಚಿಸಿದ, ಸಾಮಾನ್ಯವಾಗಿ ನಾಲ್ಕು ಭಾಗಗಳುಳ್ಳ ಕೃತಿ. ಮೊದಲನೆಯದು ಚುರುಕಾದುದು, ಎರಡನೆಯದು ನಿಧಾನಗತಿಯದು, ಮೂರನೆಯದು ಮಿನುಯೆಟ್ ಎಂಬ ಕುಣಿತದ ಧಾಟಿಯದು, ಕೊನೆಯದು ದ್ರುತಗತಿಯದು. ನಮ್ಮ ಸಂಗೀತದಲ್ಲಿ ಕಚೇರಿಯ ಮೊದಲಿನಿಂದ ಕೊನೆಯವರೆಗೆ ಆಧಾರ ಷಡ್ಜವು ಕದಲದೆ ನಿಂತಿರುತ್ತದೆ. ಸಿಂಫನಿಯಲ್ಲಿ ಹಾಗಲ್ಲ, ಅಲ್ಲಿ ಆಧಾರಸ್ವರವೇ ನೆಲೆ ಬಿಟ್ಟು ಪಯಣ ಹೊರಡುತ್ತದೆ. ಒಂದು ನೆಲೆಯಲ್ಲಿ ಆರಂಭವಾದ ಮೊದಲ ಭಾಗವು ಇನ್ನೊಂದು ನೆಲೆಗೆ ಹೋಗಿ, ಅಲ್ಲಿಂದ ಬೇರೆ ಬೇರೆ ನೆಲೆಗಳಲ್ಲಿ ಸುತ್ತಾಡಿ, ಕಡೆಗೆ ಹೊರಟಲ್ಲಿಗೇ ಮರಳುತ್ತದೆ. ಮನೆಬಿಟ್ಟು ಹೋದವನು ಮನೆಗೆ ಮರಳಿದಾಗ ಆಗುವ ಸಮಾಧಾನವೇ ಆ ರೂಪದ ರಹಸ್ಯ.

ಈ ರೂಪವನ್ನು ಪೋಷಿಸಿ ಬೆಳೆಸಿದವರಲ್ಲಿ ಆಸ್ಟ್ರಿಯದ ಯೋಸೆಫ್ ಹೇಡನ್ ಅಗ್ರಗಣ್ಯ. 1732ರಲ್ಲಿ ಬಂಡಿಯ ಗಾಲಿ ಮಾಡುವವನ ಮಗನಾಗಿ ಹುಟ್ಟಿದ ಈತನು, ಎಸ್ಟರ್‌ಹಾಜಿ ರಾಜಮನೆತನದ ಆಶ್ರಯದಲ್ಲಿ ಮೂವತ್ತು ವರ್ಷಗಳ ಕಾಲ ಇದ್ದು, 1809ರಲ್ಲಿ ತೀರಿಕೊಳ್ಳುವ ವೇಳೆಗೆ ನೂರಕ್ಕೂ ಹೆಚ್ಚು ಸಿಂಫನಿಗಳನ್ನು ರಚಿಸಿದ್ದನು. ಅವನ ಸಂಗೀತದಲ್ಲಿ ಸ್ಪಷ್ಟತೆಯೊಂದಿಗೆ ವಿನೋದವೂ ಬೆರೆತಿದೆ. ಮೆಲುದನಿಯ ಸ್ವರಗಳ ನಡುವೆ ಒಮ್ಮೆಗೇ ವಾದ್ಯಗಳೆಲ್ಲ ಅಬ್ಬರಿಸುವಂತೆ ಮಾಡಿ ಲಂಡನ್ನಿನ ಶ್ರೋತೃಗಳನ್ನು ಬೆಚ್ಚಿಸಿದವನು ಅವನು. ಕೇಳುಗನ ನಿರೀಕ್ಷೆಯನ್ನು ಕಟ್ಟುವುದು, ಆಮೇಲೆ ಅದನ್ನು ನಯವಾಗಿ ತಪ್ಪಿಸುವುದು. ಈ ಕಲೆಯನ್ನು ಹೇಡನ್ನನಷ್ಟು ಬಲ್ಲವರು ವಿರಳ.

1917ರಲ್ಲಿ ರಷ್ಯವು ಹೊತ್ತಿ ಉರಿಯುತ್ತಿತ್ತು. ಮೊದಲನೆಯ ಮಹಾಯುದ್ಧದ ನಾಲ್ಕನೆಯ ವರ್ಷ ಸಮೀಪಿಸಿತ್ತು. ಆ ವರ್ಷದ ಆರಂಭದಲ್ಲಿಯೇ ಕ್ರಾಂತಿಯಾಗಿ ಚಕ್ರವರ್ತಿಯು ಪದಚ್ಯುತನಾದನು. ಪೆಟ್ರೋಗ್ರಾಡ್ ಎಂದು ಹೆಸರು ಬದಲಾಗಿದ್ದ ರಾಜಧಾನಿಯ ಬೀದಿಗಳಲ್ಲಿ ಗುಂಡಿನ ಸದ್ದು ಕೇಳಿಬರುತ್ತಿತ್ತು. ಪ್ರೊಕೊಫೀವನ ತಂದೆ 1910ರಲ್ಲಿಯೇ ತೀರಿಕೊಂಡಿದ್ದನು. ವಿಧವೆಯ ಒಬ್ಬನೇ ಮಗನಾದ್ದರಿಂದ ತರುಣನಿಗೆ ಸೈನ್ಯದ ಸೇವೆಯಿಂದ ವಿನಾಯಿತಿ ದೊರಕಿತ್ತು. ಬೇಸಗೆಯಲ್ಲಿ ಅವನು ನಗರಕ್ಕೆ ಸಮೀಪದ ಒಂದು ಗ್ರಾಮಪ್ರದೇಶಕ್ಕೆ ಹೋಗಿ ಒಂಟಿಯಾಗಿ ನೆಲೆಸಿದನು. ತತ್ತ್ವಜ್ಞಾನಿ ಕಾಂಟನ ಗ್ರಂಥಗಳನ್ನು ಓದುವುದು, ಹೊಲಗಳ ನಡುವೆ ನಡೆದಾಡುವುದು, ಸಂಗೀತವನ್ನು ರಚಿಸುವುದು, ಇದು ಅವನ ದಿನಚರಿ. ಪಿಯಾನೋವನ್ನು ಮಾತ್ರ ಅವನು ಬೇಕೆಂದೇ ಜೊತೆಗೆ ಒಯ್ಯಲಿಲ್ಲ.

ಅಲ್ಲಿಯವರೆಗೆ ಅವನು ಪಿಯಾನೋದ ಮುಂದೆ ಕುಳಿತೇ ರಚನೆ ಮಾಡುತ್ತಿದ್ದವನು. ಆದರೆ ವಾದ್ಯದ ನೆರವಿಲ್ಲದೆ ಮನಸ್ಸಿನಲ್ಲಿಯೇ ಹೊಳೆದ ಸ್ವರವಾಕ್ಯಗಳು ಹಲವು ಬಾರಿ ಹೆಚ್ಚು ಸತ್ತ್ವಶಾಲಿಯಾಗಿರುವುದನ್ನು ಅವನು ಗಮನಿಸಿದ್ದನು. ಬೆರಳುಗಳು ತಮಗೆ ಅಭ್ಯಾಸವಾದ ಜಾಡಿನಲ್ಲಿ ಓಡುತ್ತವೆ. ಮನಸ್ಸಾದರೋ ಆ ಜಾಡನ್ನು ಬಿಟ್ಟು ಹೊರಡಬಲ್ಲುದು. ಇಡೀ ಸಿಂಫನಿಯೊಂದನ್ನು ಹೀಗೆ ಮನಸ್ಸಿನಲ್ಲಿಯೇ ರಚಿಸಿದರೆ ವಾದ್ಯವೃಂದದ ಬಣ್ಣಗಳೂ ಹೆಚ್ಚು ಸ್ವಚ್ಛವಾದಾವೆಂದು ಅವನಿಗೆ ತೋರಿತು. ಆದರೆ ಕಣ್ಣುಕಟ್ಟಿ ನಡೆಯುವಂತಿರುವ ಈ ಪ್ರಯೋಗಕ್ಕೆ ಕಾಲಿಗೆ ಪರಿಚಿತವಾದ ದಾರಿ ಬೇಕು. ಚೆರೆಪ್ನಿನ್ನನ ಪಾಠಗಳಿಂದ ಹೇಡನ್ನನ ರಚನಾಕ್ರಮವು ಅವನಿಗೆ ಕರತಲಾಮಲಕವಾಗಿತ್ತು. ಆದ್ದರಿಂದ ಅದನ್ನೇ ಅವನು ಆರಿಸಿಕೊಂಡನು.

ಹೇಡನ್ನನು ಬರೆದುದನ್ನೇ ಮತ್ತೆ ಬರೆಯುವುದು ಅವನ ಉದ್ದೇಶವಾಗಿರಲಿಲ್ಲ. ಹೇಡನ್ ಈ ಕಾಲದಲ್ಲಿ ಬದುಕಿದ್ದರೆ ಹೇಗೆ ಬರೆಯುತ್ತಿದ್ದನು? ತನ್ನ ಶೈಲಿಯನ್ನು ಬಿಟ್ಟುಕೊಡದೆ ಹೊಸದರಿಂದಲೂ ಒಂದಷ್ಟನ್ನು ಹೀರಿಕೊಳ್ಳುತ್ತಿದ್ದನಲ್ಲವೆ? ಅಂತಹ ಒಂದು ಸಿಂಫನಿಯನ್ನು ರಚಿಸಬೇಕೆಂಬುದು ಪ್ರೊಕೊಫೀವನ ಸಂಕಲ್ಪ. ಹಳೆಯ ಛಂದಸ್ಸಿನಲ್ಲಿ ತನ್ನ ಕಾಲದ ಅನುಭವವನ್ನು ಹೇಳಲು ಹೊರಟ ಕವಿಯ ಕೆಲಸಕ್ಕೆ ಇದನ್ನು ಹೋಲಿಸಬಹುದು. ಮಾತ್ರೆಗಳ ಲೆಕ್ಕ ತಪ್ಪುವಂತಿಲ್ಲ. ಮಾತು ಮಾತ್ರ ತನ್ನದಾಗಿರಬೇಕು.

ವಾದ್ಯಗಳ ಆಯ್ಕೆಯಲ್ಲಿಯೇ ಅವನ ಸಂಯಮ ಕಾಣುತ್ತದೆ. ಎರಡು ಕೊಳಲು, ಎರಡು ಓಬೋ, ಎರಡು ಕ್ಲಾರಿನೆಟ್, ಎರಡು ಬಸೂನ್, ಎರಡು ಹಾರ್ನ್, ಎರಡು ಕಹಳೆ, ಟಿಂಪನಿ ಎಂಬ ಶ್ರುತಿನಗಾರಿ, ಇವುಗಳೊಡನೆ ಪಿಟೀಲಿನ ವರ್ಗದ ತಂತಿವಾದ್ಯಗಳು, ಇಷ್ಟೇ. ಹೇಡನ್ನನ ಕೊನೆಯ ಸಿಂಫನಿಯಲ್ಲಿರುವ ವಾದ್ಯಗಳೂ ಇವೇ. ನಾಲ್ಕು ಭಾಗಗಳೂ ಸೇರಿ ಸುಮಾರು 15 ನಿಮಿಷಗಳಲ್ಲಿ ಕೃತಿ ಮುಗಿಯುತ್ತದೆ. ‘ಸಿಥಿಯನ್ ಸ್ವೀಟ್’ ಬರೆದ ಕೈಗೆ ಇದು ಉಪವಾಸವ್ರತದಂತೆಯೇ ಸರಿ.

ಆದರೆ ಆ ಮಿತಿಯೊಳಗೆ ಅವನು ತೋರಿಸಿದ ಚಾತುರ್ಯ ಅಸಾಧಾರಣವಾದುದು. ಮೊದಲ ಭಾಗವು ಡಿ ಮೇಜರ್ ನೆಲೆಯಲ್ಲಿ ವೀರೋಚಿತವಾಗಿ ಆರಂಭವಾಗುತ್ತದೆ. ಕೆಲವು ಕ್ಷಣಗಳು ಕಳೆಯುವಷ್ಟರಲ್ಲಿ, ಯಾವ ಮುನ್ಸೂಚನೆಯನ್ನೂ ಕೊಡದೆ, ಸಂಗೀತವು ಒಂದು ಮೆಟ್ಟಿಲು ಕೆಳಗಿನ ಸಿ ಮೇಜರ್ ನೆಲೆಗೆ ಜಾರಿಬಿಡುತ್ತದೆ; ಏನೂ ಆಗದವರಂತೆ ಮತ್ತೆ ಮೊದಲಿನ ನೆಲೆಗೆ ಬಂದು ನಿಲ್ಲುತ್ತದೆ. ಹೇಡನ್ನನು ಹೀಗೆ ಮಾಡುತ್ತಿರಲಿಲ್ಲ. ಆದರೆ ಈ ತುಂಟತನವನ್ನು ಕಂಡಿದ್ದರೆ ನಗದೆ ಇರುತ್ತಿರಲಿಲ್ಲ. ಎರಡನೆಯ ಸ್ವರವಾಕ್ಯದಲ್ಲಿ ಪಿಟೀಲುಗಳು ಮೆಲುದನಿಯಲ್ಲಿ ಎರಡು ಸ್ಥಾಯಿಗಳಷ್ಟು ದೂರಕ್ಕೆ ನೆಗೆದು ನೆಗೆದು ಇಳಿಯುತ್ತವೆ. ಆಗ ಕೆಳಗೆ ಬಸೂನ್ ಬಿಡಿಬಿಡಿಯಾದ ಸ್ವರಗಳಿಂದ ಹಿಮ್ಮೇಳ ಹಾಕುತ್ತದೆ. ಚೆರೆಪ್ನಿನ್ ತೋರಿಸಿಕೊಟ್ಟಿದ್ದ ಸೊಗಸು ಇಲ್ಲಿ ಫಲಕೊಟ್ಟಿತು. ಸುತ್ತಾಟ ಮುಗಿಸಿ ಮನೆಗೆ ಮರಳಬೇಕಾದ ಘಟ್ಟದಲ್ಲಿಯೂ ಸಂಗೀತವು ಮೊದಲು ಸಿ ಮೇಜರಿನಲ್ಲಿ ಕಾಲಿಟ್ಟು, ನೆರೆಮನೆಯ ಬಾಗಿಲನ್ನು ತಟ್ಟಿದವನಂತೆ ಎಚ್ಚೆತ್ತು, ಬಳಿಕ ತನ್ನ ಮನೆಯನ್ನು ಸೇರುತ್ತದೆ.

ಎರಡನೆಯ ಭಾಗದಲ್ಲಿ ಪಿಟೀಲುಗಳು ಬಹಳ ಎತ್ತರದ ಸ್ಥಾಯಿಯಲ್ಲಿ ಪ್ರವೇಶಿಸಿ ಪ್ರಶಾಂತವಾದ ರಾಗವನ್ನು ಹಾಡುತ್ತವೆ. ಮೂರನೆಯ ಭಾಗಕ್ಕೆ ಮಿನುಯೆಟ್ಟಿನ ಬದಲಾಗಿ ಗವೋಟ್ ಎಂಬ ಇನ್ನೊಂದು ಹಳೆಯ ಕುಣಿತವನ್ನು ಅವನು ಬಳಸಿಕೊಂಡನು. ಇದನ್ನು ಅವನು 1916ರಲ್ಲಿಯೇ ಬರೆದಿದ್ದನು. ಇನ್ನು ನಾಲ್ಕನೆಯ ಭಾಗ. ಮೊದಲು ಬರೆದುದು ಸಪ್ಪೆಯೆನಿಸಿದ್ದರಿಂದ ಅದನ್ನು ಅವನು ಕಿತ್ತೆಸೆದನು. ಹೊಸದಾಗಿ ಬರೆಯುವಾಗ ತನಗೆ ತಾನೇ ಒಂದು ನಿಯಮವನ್ನು ವಿಧಿಸಿಕೊಂಡನು. ಪಾಶ್ಚಾತ್ಯ ಸಂಗೀತದಲ್ಲಿ ಮೈನರ್ ಸ್ವರಮೇಳಗಳು ವಿಷಾದದ ಛಾಯೆಯನ್ನು ತರುತ್ತವೆ. ಈ ಭಾಗದಲ್ಲಿ ಅಂತಹ ಸ್ವರಮೇಳ ಒಂದೂ ಬರಕೂಡದು. ಈ ಕಟ್ಟನ್ನು ಪಾಲಿಸಿಯೇ ಅವನು ಚಿಲುಮೆಯಂತೆ ಪುಟಿಯುವ ಸಂಗೀತವನ್ನು ಬರೆದು ಮುಗಿಸಿದನು. ನಾಡೆಲ್ಲ ತಲ್ಲಣಿಸುತ್ತಿದ್ದ ಆ ವರ್ಷದಲ್ಲಿ ಇಂತಹ ನಿರ್ಮಲವಾದ ಸಂತೋಷ ಅವನ ಮನಸ್ಸಿನಿಂದ ಹೊರಹೊಮ್ಮಿದುದು ಆಶ್ಚರ್ಯವೇ ಸರಿ.

ಕೃತಿಗೆ ಅವನೇ ‘ಕ್ಲಾಸಿಕಲ್ ಸಿಂಫನಿ’ ಎಂದು ಹೆಸರಿಟ್ಟನು. ಆ ಹೆಸರು ಸರಳವಾಗಿತ್ತೆಂಬುದು ಒಂದು ಕಾರಣ. ತನ್ನಿಂದ ಗದ್ದಲವನ್ನೇ ನಿರೀಕ್ಷಿಸುತ್ತಿದ್ದವರನ್ನು ಕೆಣಕುವ ತುಂಟತನ ಇನ್ನೊಂದು ಕಾರಣ. ಮುಂದೊಂದು ದಿನ ಇದೂ ಶಾಶ್ವತ ಕೃತಿಗಳ ಸಾಲಿಗೆ ಸೇರೀತೆಂಬ ಆಸೆಯೂ ಒಳಗೊಳಗೇ ಇದ್ದಿತು. 1918ರ ಏಪ್ರಿಲ್ 21ರಂದು ಪೆಟ್ರೋಗ್ರಾಡಿನಲ್ಲಿ ಅವನ ನಿರ್ದೇಶನದಲ್ಲಿಯೇ ಈ ಸಿಂಫನಿ ಮೊದಲ ಬಾರಿಗೆ ಕೇಳಿಬಂದಿತು. ನುಡಿಸಿದವರು ಹಿಂದೆ ಚಕ್ರವರ್ತಿಯ ಆಸ್ಥಾನದಲ್ಲಿದ್ದ ವಾದ್ಯವೃಂದದವರು. ಕೇಳಲು ಬಂದವರಲ್ಲಿ ಹೊಸ ಸರ್ಕಾರದ ಶಿಕ್ಷಣಾಧಿಕಾರಿ ಲುನಚಾರ್ಸ್ಕಿಯೂ ಇದ್ದನು. ಪ್ರೊಕೊಫೀವನು ವಿದೇಶಪ್ರವಾಸಕ್ಕೆ ಅನುಮತಿ ಬೇಡಿದಾಗ, ಇಂತಹ ಪ್ರತಿಭಾವಂತ ತರುಣರು ದೇಶದಲ್ಲಿಯೇ ಉಳಿಯಬೇಕೆಂದು ಲುನಚಾರ್ಸ್ಕಿಗೆ ಅನಿಸಿದರೂ ಅವನು ಅಡ್ಡಿಮಾಡಲಿಲ್ಲ. ಅದೇ ಮೇ ತಿಂಗಳಲ್ಲಿ ಪ್ರೊಕೊಫೀವನು ಸೈಬೀರಿಯದ ರೈಲುಹಾದಿಯಲ್ಲಿ ಪೂರ್ವದ ತುದಿಯವರೆಗೆ ಪಯಣಿಸಿ, ಜಪಾನಿನ ಮೂಲಕ ಅಮೆರಿಕವನ್ನು ತಲಪಿದನು.

ಕೆಲವು ತಿಂಗಳುಗಳಲ್ಲಿ ಮರಳುವೆನೆಂದು ಹೊರಟವನು ವಿದೇಶಗಳಲ್ಲಿ ಕಳೆದ ಕಾಲ ಹದಿನೆಂಟು ವರ್ಷಗಳಷ್ಟಾಯಿತು. ಅಮೆರಿಕ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಅವನು ನೆಲೆಸಿದ್ದನು. 1923ರಲ್ಲಿ ಲಿನಾ ಎಂಬ ಗಾಯಕಿಯನ್ನು ಮದುವೆಯಾಗಿ ಇಬ್ಬರು ಗಂಡುಮಕ್ಕಳನ್ನು ಪಡೆದನು. ಇತ್ತ ಹಳೆಯ ಶೈಲಿಗಳನ್ನು ಹೊಸ ದೃಷ್ಟಿಯಿಂದ ಬಳಸಿಕೊಳ್ಳುವ ರೂಢಿ ಯೂರೋಪಿನಲ್ಲಿ ಹಬ್ಬತೊಡಗಿತು. 1920ರಲ್ಲಿ ಸ್ಟ್ರಾವಿನ್ಸ್ಕಿಯ ‘ಪುಲ್ಚಿನೆಲ್ಲ’ ಹೊರಬಂದಿತು. ಆದರೆ ಪ್ರೊಕೊಫೀವನು ತಾನು ಗೆದ್ದ ದಾರಿಯಲ್ಲಿಯೇ ಮತ್ತೆ ಮತ್ತೆ ನಡೆಯಲಿಲ್ಲ. 1925ರಲ್ಲಿ ಪ್ಯಾರಿಸಿನಲ್ಲಿ ಕೇಳಿಬಂದ ಅವನ ಎರಡನೆಯ ಸಿಂಫನಿ ಕಬ್ಬಿಣ ಉಕ್ಕುಗಳ ಕಾರ್ಖಾನೆಯನ್ನು ನೆನಪಿಗೆ ತರುವಷ್ಟು ಗಡುಸಾಗಿತ್ತು. ಹಳೆಯ ಕಟ್ಟು ಅವನಿಗೆ ಬೇಕೆಂದಾಗ ತೊಡುವ, ಬೇಡವೆಂದಾಗ ಕಳಚುವ ಉಡುಪಾಗಿತ್ತು.

ತಾಯ್ನಾಡಿನ ಸೆಳೆತ ಅವನನ್ನು ಬಿಡಲಿಲ್ಲ. 1936ರಲ್ಲಿ ಅವನು ಹೆಂಡತಿಮಕ್ಕಳೊಡನೆ ಮಾಸ್ಕೋವಿಗೆ ಮರಳಿ ನೆಲೆಸಿದನು. ಅದೇ ವರ್ಷ ಮಕ್ಕಳಿಗಾಗಿ ‘ಪೀಟರ್ ಮತ್ತು ತೋಳ’ ಎಂಬ ಸಂಗೀತಕಥೆಯನ್ನು ರಚಿಸಿದನು. ಅದರಲ್ಲಿ ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್‌ಗಳು, ಬಾಲಕನಾದ ಪೀಟರನಿಗೆ ತಂತಿವಾದ್ಯಗಳು. ಲೋಕದ ಎಷ್ಟೋ ಮಕ್ಕಳು ವಾದ್ಯವೃಂದದ ಪರಿಚಯ ಪಡೆದುದು ಈ ಕಥೆಯಿಂದಲೇ. ‘ರೋಮಿಯೋ ಮತ್ತು ಜೂಲಿಯೆಟ್’ ನೃತ್ಯನಾಟಕಕ್ಕೆ ಸಂಗೀತ ರಚಿಸುವಾಗ ಅವನು ತನ್ನ ಹಳೆಯ ಗವೋಟನ್ನು ಮತ್ತೆ ನೆನೆದು, ಔತಣಕ್ಕೆ ಬಂದ ಅತಿಥಿಗಳು ಹೊರಡುವ ಸನ್ನಿವೇಶಕ್ಕೆ ಅದನ್ನು ವಿಸ್ತರಿಸಿ ಬಳಸಿಕೊಂಡನು.

ಎರಡನೆಯ ಮಹಾಯುದ್ಧದ ಕಡೆಯ ವರ್ಷ, 1945ರ ಜನವರಿ 13ರಂದು, ಮಾಸ್ಕೋವಿನಲ್ಲಿ ಅವನು ತನ್ನ ಐದನೆಯ ಸಿಂಫನಿಯನ್ನು ನಿರ್ದೇಶಿಸಲು ಕೋಲನ್ನೆತ್ತಿದಾಗ, ಸೈನ್ಯದ ವಿಜಯವನ್ನು ಸಾರುವ ಫಿರಂಗಿಗಳು ಹೊರಗೆ ಮೊಳಗಿದುವು. ಆ ಮೊಳಗು ನಿಲ್ಲುವವರೆಗೂ ಅವನು ಎತ್ತಿದ ಕೈಯನ್ನು ಇಳಿಸದೆ ಕಾದು, ಅನಂತರ ಸಂಗೀತವನ್ನು ಆರಂಭಿಸಿದನು. ಅವನ ಬಾಳಿನ ಅತ್ಯುನ್ನತ ಗಳಿಗೆ ಅದು. ಕೆಲವೇ ದಿನಗಳಲ್ಲಿ ಅವನು ತಲೆಸುತ್ತಿ ಬಿದ್ದು ತಲೆಗೆ ಪೆಟ್ಟಾಯಿತು. ಆ ಮೇಲೆ ಅವನ ಆರೋಗ್ಯ ಪೂರ್ಣವಾಗಿ ಸುಧಾರಿಸಲೇ ಇಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು 1948ರಲ್ಲಿ ಬಿದ್ದಿತು. ಆ ಫೆಬ್ರವರಿಯಲ್ಲಿ ಆಳುವ ಪಕ್ಷದ ಕೇಂದ್ರಸಮಿತಿಯು ಹೊರಡಿಸಿದ ನಿರ್ಣಯವು ಪ್ರೊಕೊಫೀವ್, ಶೊಸ್ತಕೊವಿಚ್, ಮ್ಯಾಸ್ಕೋವ್ಸ್ಕಿ ಮೊದಲಾದವರ ಸಂಗೀತವು ಜನವಿರೋಧಿಯೆಂದೂ, ಬರಿಯ ರೂಪಚಮತ್ಕಾರವೆಂದೂ ಖಂಡಿಸಿತು. ಜನರಿಗೆ ಸುಲಭವಾಗಿ ತಿಳಿಯುವಂತೆ, ಹಿಂದಿನ ಮಹನೀಯರ ಜಾಡಿನಲ್ಲಿ ಬರೆಯಬೇಕೆಂಬುದು ಆಜ್ಞೆ. ಅವನ ಹಲವು ಕೃತಿಗಳು ನಿಷೇಧಕ್ಕೆ ಒಳಗಾದುವು. ಉಳಿದವನ್ನು ನುಡಿಸಲೂ ಜನ ಅಂಜಿದರು. 1941ರಲ್ಲಿಯೇ ಅವನು ಸಂಸಾರದಿಂದ ಬೇರೆಯಾಗಿ, 1948ರ ಜನವರಿಯಲ್ಲಿ ಮೀರಾ ಮೆಂಡೆಲ್ಸನ್ ಎಂಬ ಬರಹಗಾರ್ತಿಯನ್ನು ವಿವಾಹವಾಗಿದ್ದನು. ನಿರ್ಣಯ ಹೊರಬಿದ್ದ ಹತ್ತು ದಿನಗಳಲ್ಲಿ ಅವನ ಮಕ್ಕಳ ತಾಯಿಯಾದ ಲಿನಾಳ ಬಂಧನವಾಯಿತು. ಆಕೆ ಎಂಟು ವರ್ಷಗಳನ್ನು ಸೆರೆಶಿಬಿರಗಳಲ್ಲಿ ಕಳೆಯಬೇಕಾಯಿತು. ಸಾಲ, ಅನಾರೋಗ್ಯ, ಭಯಗಳ ನಡುವೆಯೂ ಪ್ರೊಕೊಫೀವನು ಬರೆಯುವುದನ್ನು ನಿಲ್ಲಿಸಲಿಲ್ಲ. ವೈದ್ಯರು ಅನುಮತಿ ಕೊಟ್ಟ ಅಲ್ಪ ಕಾಲವನ್ನೇ ಬಳಸಿಕೊಂಡು, ರೊಸ್ತ್ರೊಪೊವಿಚ್ ಎಂಬ ಚೆಲ್ಲೋವಾದಕನ ಒಡನಾಟದಲ್ಲಿ ಹೊಸ ಕೃತಿಗಳನ್ನು ರಚಿಸಿದನು.

1952ರ ಅಕ್ಟೋಬರಿನಲ್ಲಿ ಅವನ ಏಳನೆಯ ಸಿಂಫನಿ ಮಾಸ್ಕೋವಿನಲ್ಲಿ ಕೇಳಿಬಂದಿತು. ತರುಣರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಸರಳ, ಮಧುರ ಕೃತಿಯು ಗತಕಾಲವನ್ನು ನೆನೆಯುತ್ತ ಮೆಲ್ಲಗೆ ಮೌನದಲ್ಲಿ ಕರಗುತ್ತದೆ. ಕೊನೆಯನ್ನು ಉಲ್ಲಾಸಕರವಾಗಿ ಬದಲಿಸಿದರೆ ಸರ್ಕಾರದ ದೊಡ್ಡ ಬಹುಮಾನ ದೊರಕೀತೆಂದು ಅವನಿಗೆ ಸಲಹೆ ಬಂದಿತು. ಹಣದ ಅಗತ್ಯವಿದ್ದ ವೃದ್ಧನು ಕೆಲವೇ ಕ್ಷಣಗಳ ಒಂದು ಹರ್ಷದ ಮುಕ್ತಾಯವನ್ನು ಬರೆದುಕೊಟ್ಟನು. ಆದರೆ ತನ್ನ ಕಾಲಾನಂತರ ಆ ಮುಕ್ತಾಯ ಉಳಿಯದಂತೆ ನೋಡಿಕೊಳ್ಳಬೇಕೆಂದು ರೊಸ್ತ್ರೊಪೊವಿಚನನ್ನು ಕೇಳಿಕೊಂಡನು. 1917ರಲ್ಲಿ ಒಂದು ವಿಷಾದದ ಸ್ವರಮೇಳವೂ ಇರಕೂಡದೆಂದು ತನಗೆ ತಾನೇ ನಿಯಮ ವಿಧಿಸಿಕೊಂಡು ಕುಣಿದಾಡಿದ ಮನಸ್ಸು, ಪರರು ಬಯಸಿದ ಹರ್ಷವನ್ನು ಬರೆಯಬೇಕಾದಾಗ ಇಷ್ಟು ನೊಂದುಕೊಂಡಿತು. ಪ್ರಸಿದ್ಧವಾದ ಆ ಎರಡು ಮುಕ್ತಾಯಗಳ ನಡುವೆ ಒಬ್ಬ ಕಲಾವಿದನ ಬಾಳೇ ಅಡಗಿದೆ.

1953ರ ಮಾರ್ಚ್ 5ರ ರಾತ್ರಿ ಮೆದುಳಿನ ರಕ್ತಸ್ರಾವದಿಂದ ಪ್ರೊಕೊಫೀವನು ತೀರಿಕೊಂಡನು. ಅದೇ ರಾತ್ರಿ, ಒಂದು ಗಂಟೆಯಷ್ಟು ಅಂತರದೊಳಗೆ, ದೇಶವನ್ನಾಳುತ್ತಿದ್ದ ಸ್ಟಾಲಿನ್ ಕೂಡ ಮರಣಹೊಂದಿದನು. ಸ್ಟಾಲಿನ್ನನ ಅಂತಿಮದರ್ಶನಕ್ಕೆ ಬಂದ ಜನಸಾಗರದಿಂದ ನಗರದ ಮಧ್ಯಭಾಗದ ಬೀದಿಗಳೆಲ್ಲ ಮುಚ್ಚಿಹೋದುವು. ಅಲ್ಲಿಯೇ ವಾಸವಾಗಿದ್ದ ಸಂಗೀತಗಾರನ ಮನೆಗೆ ವಾಹನವೂ ಬರುವಂತಿರಲಿಲ್ಲ; ಕೊಳ್ಳಲು ಹೂಗಳೂ ಸಿಗಲಿಲ್ಲ. ಶವಪೆಟ್ಟಿಗೆಯನ್ನು ಕೈಯಲ್ಲಿಯೇ ಹೊತ್ತು ಸಾಗಿಸಬೇಕಾಯಿತು. ಬೆರಳೆಣಿಕೆಯ ಬಂಧುಮಿತ್ರರ ಮುಂದೆ ಪಿಟೀಲು ವಿದ್ವಾಂಸ ಓಯಿಸ್ತ್ರಾಖನು ಮೃತನ ಸೊನಾಟವೊಂದರ ಭಾಗಗಳನ್ನು ನುಡಿಸಿದನು. ಪತ್ರಿಕೆಗಳು ಈ ಸಾವನ್ನು ಗಮನಿಸಲು ಹಲವು ದಿನಗಳು ಬೇಕಾದುವು. ನಾಲ್ಕು ವರ್ಷಗಳ ಅನಂತರ, 1957ರಲ್ಲಿ, ಅದೇ ಏಳನೆಯ ಸಿಂಫನಿಗೆ ಲೆನಿನ್ ಪ್ರಶಸ್ತಿಯನ್ನು ನೀಡಲಾಯಿತು.

‘ಕ್ಲಾಸಿಕಲ್ ಸಿಂಫನಿ’ಗೆ ನೂರು ವರ್ಷ ತುಂಬಿಹೋಗಿದೆ. ಲೋಕದ ವಾದ್ಯವೃಂದಗಳು ಅದನ್ನು ಇಂದಿಗೂ ಆಗಾಗ ನುಡಿಸುತ್ತಿವೆ. ಹೆಸರಿಡುವಾಗ ತರುಣನು ಒಳಗೊಳಗೇ ಇರಿಸಿಕೊಂಡಿದ್ದ ಆಸೆ ಕೈಗ��ಡಿದೆ. ಹಿರಿಯರ ಕಟ್ಟು ಅದರ ಮರ್ಮವನ್ನು ಬಲ್ಲವನಿಗೆ ಬೇಲಿಯಾಗುವುದಿಲ್ಲ. ಅದು ಅವನ ಜಿಗಿತಕ್ಕೆ ನೆಲವಾಗುತ್ತದೆ. ಆದರೆ ಆ ನೆಲವನ್ನು ಅವನೇ ಮನಸಾರೆ ಆರಿಸಿಕೊಂಡಿರಬೇಕು. ಯುದ್ಧ ಮತ್ತು ಕ್ರಾಂತಿಗಳ ನಡುವೆ, ವಾದ್ಯವನ್ನು ದೂರವಿಟ್ಟು, ಹೊಲದ ಬದುವಿನ ಮೇಲೆ ನಡೆಯುತ್ತ, ತನಗಿಂತ ಒಂದು ಶತಮಾನಕ್ಕೂ ಹಿಂದೆ ಬಾಳಿದ್ದ ಹಿರಿಯನೊಡನೆ ಮನಸ್ಸಿನಲ್ಲಿಯೇ ಸಂವಾದ ನಡೆಸಿದ ಆ ತರುಣನು ನಮಗೆ ಕಲಿಸುವ ಪಾಠ ಇದೇ.